ಊಹೆ ಮಾಡದ ಫೋನು

ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ನಮ್ಮ ಕಾರಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇದೆ. ಕಲಿಯುವವರಿಗೆ ಅಪಾಯ ಹೊಳೆಯುವ ಮೊದಲೇ ಅದನ್ನು ಒತ್ತುವುದು ನನ್ನ ಉದ್ಯೋಗ. ಮನೆಯಲ್ಲೂ ಅದನ್ನೇ ಮಾಡುತ್ತೇನೆಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದವರ ಮಾತನ್ನು ನಾನೇ ಮುಗಿಸಿಬಿಡುತ್ತಿದ್ದೆನಲ್ಲ!

ಹೆಂಡತಿಯ ಗಂಟಲಿಗೆ ಆಪರೇಷನ್ ಆಯಿತು. ಪಿಸುಮಾತೂ ಕೂಡದು ಎಂದರು ಡಾಕ್ಟರು. ಮೊದಲ ತಪಾಸಣೆಯಲ್ಲಿ ಅವಳ ಪರವಾಗಿ ನಾನೇ ಮಾತಾಡಿದೆ. ತಣ್ಣೀರು ಕುಡಿಯಬಹುದೇ, ದಿಂಬು ಎಷ್ಟು ಎತ್ತರವಿರಬೇಕು ಎಂದೆಲ್ಲ ವಿಚಾರಿಸಿ, ಆದರ್ಶ ಪತಿಯ ಠೀವಿಯಲ್ಲಿ ಎದ್ದು ಬಂದೆ. ಅವಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಮನೆಗೆ ಬಂದು ಪೇಪರಿನ ಅಂಚಿನಲ್ಲಿ ಬರೆದಳು: "ಮುಂದಿನ ಸಲ ನಾನೇ ಕೇಳ್ತೀನಿ."

ಅದಕ್ಕೆ ಕಾಗದ ಪೆನ್ಸಿಲು ಸಾಕಿತ್ತು. ಆದರೆ ಮುಟ್ಟುವ ಪರದೆಯ ಫೋನುಗಳು ಆಗಷ್ಟೇ ಬಂದಿದ್ದವು, ನನಗೊಂದು ನೆಪ ಬೇಕಿತ್ತು. ಅವಳನ್ನು ಫೋನಿನ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯಾಕೆ ಮೊದಲು ತೋರಿಸಿದ ಫೋನಿನಲ್ಲಿ ಪರದೆಯ ಮೇಲೇ ಅಕ್ಷರದ ಪುಟ್ಟ ಪುಟ್ಟ ಗುಂಡಿಗಳು. ನನ್ನ ಹೆಬ್ಬೆರಳಿಗೆ ಒಂದು ಬೇಕೆಂದರೆ ಪಕ್ಕದ್ದು ಸಿಗುತ್ತಿತ್ತು. ಇನ್ನೊಂದರಲ್ಲಿ ನಿಜವಾದ ಗುಂಡಿಗಳೇ ಕೆಳಗಿನಿಂದ ಜಾರಿ ಬರುತ್ತಿದ್ದವು, ತೂಕ ಮಾತ್ರ ಇಟ್ಟಿಗೆಯದು. ಪರದೆಯ ಮೇಲೆ ಬರೆಯಲು ಪೆನ್ನಿನಂಥ ಕಡ್ಡಿಯಿದ್ದ ಮತ್ತೊಂದು ಫೋನು ಕೈಬರಹವನ್ನು ಅಚ್ಚಿನ ಅಕ್ಷರ ಮಾಡುತ್ತದಂತೆ. ನನ್ನ ಬರಹ ನೋಡಿ ಬೆಪ್ಪಾಗಿ ಕೂತಿತು. ಕೊನೆಯದಂತೂ ಒಂದೆರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಪದವನ್ನೇ ಊಹಿಸಿ ತುಂಬುತ್ತಿತ್ತು. ನೋಡಿದ ತಕ್ಷಣ ಅದು ನನ್ನ ಒಡಹುಟ್ಟಿದವನಂತೆ ಕಂಡಿತು.

"ಇದೇ ಇರ್ಲಿ. ನೀನು ಪೂರ್ತಿ ಬರೆಯೋದೇ ಬೇಡ!" ಅಂದೆ.

ಅವಳು ಬರೆಯತೊಡಗಿದಳು. ಫೋನು ಬೇರೇನೋ ತುಂಬಿತು. ಅಳಿಸಿದಳು, ಮತ್ತೆ ತುಂಬಿತು. ಸಹಾಯಕ್ಕೆಂದು ನಾನೂ ಬಗ್ಗಿ ಒಂದು ಪದ ಒತ್ತಿದೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ಕಡ್ಡಿಯದನ್ನು ಎಳೆದುಕೊಂಡಳು.

ಅಂಗಡಿಯಾಕೆ ಅದರಲ್ಲೊಂದು ಖಾಲಿ ಹಾಳೆ ತೆರೆದಳು. "ಇಲ್ಲಿ ಅದೇನೂ ಊಹೆ ಮಾಡಲ್ಲ, ಅಕ್ಕಾ. ನೀವು ಗೀಚಿದ್ದು ಹಾಗೇ ಇರುತ್ತೆ."

"ಅಷ್ಟಕ್ಕೆ ಸ್ಲೇಟು ಸಾಲ್ದಾ?" ಅಂದೆ.

ಹೆಂಡತಿ ಗೀಚಿದಳು: "ಇದೇ ಕೊಡಿ. ಊಹೆ ಮಾಡೋದು ಮನೇಲಿ ಒಂದಿದೆ."

ಅಂಗಡಿಯಾಕೆ ನಕ್ಕಳು. ಯಾರ ಬಗ್ಗೆ ಎಂದು ಗೊತ್ತಾಗುವವರೆಗೆ ನಾನೂ ನಕ್ಕೆ.

ಮರುದಿನ ಡಾಕ್ಟರ ಮುಂದೆ ಕುಳಿತು ಅವಳು ನಿಧಾನವಾಗಿ ಬರೆಯತೊಡಗಿದಳು. 'ನನ್ನ' ಎಂಬಷ್ಟು ಕಂಡಿತು.

"ಮಾತ್ರೆ ವಿಷಯ ಡಾಕ್ಟ್ರೇ, ಇವಳ ಮಾತ್ರೆ..." ಎಂದು ಶುರುಮಾಡಿದೆ. ಅವಳು ತಲೆ ಎತ್ತಲಿಲ್ಲ. ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬರೆದು ಮುಗಿಸಿ ಪರದೆಯನ್ನು ಡಾಕ್ಟರತ್ತ ತಿರುಗಿಸಿದಳು. ನಾನೂ ಕತ್ತು ಚಾಚಿದೆ.

"ನನ್ನ ದನಿ ವಾಪಸ್ ಬರುತ್ತಾ? ನಿಜ ಹೇಳಿ."

ಇಷ್ಟು ದಿನ ಪಕ್ಕದಲ್ಲೇ ಮಲಗಿ ನಾನು ದಿಂಬಿನ ಎತ್ತರ ಅಳೆಯುತ್ತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು.

"ಬರುತ್ತೆ, ಬರದೆ ಏನು!" ಎಂದುಬಿಟ್ಟೆ.

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಾನು ಹೇಳ್ಲಾ?" ಎಂದು ಅವಳತ್ತ ತಿರುಗಿದರು. "ಬರುತ್ತಮ್ಮ. ಮೊದಲಿನ ಹಾಗೇ ಇರಲ್ಲ, ಸ್ವಲ್ಪ ಒರಟಾಗುತ್ತೆ. ತಡೆದು ತಡೆದು ಮಾತಾಡ್ಬೇಕು."

ಅವಳ ಕಣ್ಣು ತುಂಬಿತು. ಒರೆಸಿಕೊಂಡು ಮತ್ತೆ ಕಡ್ಡಿ ಹಿಡಿದಳು. "ತಡೆದು ತಡೆದು ಮಾತಾಡಿದ್ರೆ" ಎಂದು ಬರೆದು ನಿಲ್ಲಿಸಿದಳು. ಮುಂದಿನದು ನನ್ನ ನಾಲಿಗೆಯ ತುದಿಯಲ್ಲಿತ್ತು. ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಬಾಯಿ ಮುಚ್ಚಿ ಕುಳಿತೆ.

"ನೀವು ಕಾಯ್ತೀರಾ?" ಎಂದು ಮುಗಿಸಿ, ಪರದೆಯನ್ನು ಈ ಸಲ ನನ್ನ ಕಡೆಗೆ ತಿರುಗಿಸಿದಳು.