ನೋಡಿದವರು: ಅಪ್ಪ

ಕಾಲೇಜಿನ ನಕ್ಷೆ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಸಹಾಯಕಿಯಾಗಿ ಸೇರಿದಾಗ ನನ್ನ ಕೆಲಸ ಇಷ್ಟೇ: ವಿಮಾನದಿಂದ ತೆಗೆದ ಚಿತ್ರದ ಮೇಲೆ ಮೌಸ್ ಹಿಡಿದು ಊರಿನ ಬೀದಿಗಳ ಗೆರೆ ಎಳೆಯುವುದು. ಪ್ರತಿ ಗೆರೆಗೂ 'ನೋಡಿದವರು' ಎಂಬ ಕಾಲಂ. ಅಲ್ಲಿ ಹೋಗಿ ನಿಂತು ನೋಡಿದವರ ಹೆಸರಿಲ್ಲದಿದ್ದರೆ ಮೇಷ್ಟ್ರು ಮುಲಾಜಿಲ್ಲದೆ ಗೆರೆ ಅಳಿಸುತ್ತಿದ್ದರು.

ಅಪ್ಪ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವರು. ಒಂದು ಸಂಜೆ ನನ್ನ ನಕ್ಷೆಯ ಪ್ರಿಂಟ್ ನೋಡಿ ನಕ್ಕರು.

"ಬೇಕರಿ ಹಿಂದಿನ ಸಂದಿ ಎಲ್ಲಿ ಹೋಯ್ತು ಮಗಳೇ? ಮರದ ಕೆಳಗಿದೆ, ನಿನ್ನ ವಿಮಾನಕ್ಕೆ ಹೇಗೆ ಕಾಣುತ್ತೆ!"

ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. ಮರುದಿನ ಗೆರೆ ಎಳೆದು, ಕಾಲಂನಲ್ಲಿ 'ಅಪ್ಪ' ಎಂದು ಬರೆದೆ.

ಮೇಷ್ಟ್ರು ಕೆಂಡಾಮಂಡಲವಾದರು. "ಯಾರಮ್ಮ ಈ ಅಪ್ಪ? ಊರಿಗೆಲ್ಲ ಅಪ್ಪಾನಾ?"

ನನಗೂ ಸಿಟ್ಟು ಬಂತು. "ಇಪ್ಪತ್ತು ವರ್ಷದಿಂದ ಅಲ್ಲೇ ಓಡಾಡ್ತಿದ್ದಾರೆ ಸರ್. ಅವರಿಗಿಂತ ಚೆನ್ನಾಗಿ ನೋಡಿದವರು ಯಾರಿದ್ದಾರೆ?"

ಮೇಷ್ಟ್ರು ತಾವೇ ಹೋಗಿ ನೋಡಿ ಬಂದರೋ ಏನೋ, ಗೆರೆ ಉಳಿಯಿತು.

ಆ ಕೆಲಸದ ಬೆನ್ನು ಹತ್ತಿಯೇ ನಾನಿಂದು ಇದೇ ಊರಿನ ನಕ್ಷೆ ಕಚೇರಿಯ ಮುಖ್ಯಸ್ಥೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಮೊನ್ನೆ ನಮ್ಮ ಹೊಸ ವಿದ್ಯಾರ್ಥಿ ಸಹಾಯಕಿ ನನ್ನ ಮೇಜಿನ ಬಳಿ ಬಂದಳು.

"ಮೇಡಂ, ಕಾಲೇಜಿನವರು ಮಾಡಿದ ಹಳೇ ನಕ್ಷೇಲಿ ಒಂದು ಸಂದಿ ಇದೆ, ಹೊಸ ಚಿತ್ರದಲ್ಲಿ ಕಾಣ್ತಿಲ್ಲ. ನೋಡಿದವರು 'ಅಪ್ಪ' ಅಂತೆ. ಯಾರೋ ತಮಾಷೆ ಮಾಡಿರ್ಬೇಕು, ಅಳಿಸ್ಲಾ?"

ಗದರಿದೆ: "ಹೋಗಿ ನೋಡದೆ ಅಳಿಸೋದಾ? ನಡಿ ಮೊದಲು!"

ಸಂಜೆ ಧೂಳು ಮೆತ್ತಿದ ಚಪ್ಪಲಿಯಲ್ಲೇ ಬಂದಳು.

"ಇದೆ ಮೇಡಂ! ಬೇಕರಿ ಮುಚ್ಚಿದೆ, ಮರ ಇನ್ನೂ ಹರಡಿಕೊಂಡಿದೆ, ಸಂದಿ ಹಾಗೇ ಇದೆ. ಈಗ ನನ್ನ ಹೆಸರು ಹಾಕ್ಲಾ?"

"ಹಾಕು," ಎಂದೆ. "ಅಪ್ಪನ ಪಕ್ಕದಲ್ಲಿ."