ಅಪ್ಪನ ಪಾಲಿನ ಪೇರಲಹಣ್ಣು

ದತ್ತಾತ್ರೇಯರ ಹಲ್ಲು ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಹಾಗಂತ ಹೇಳುತ್ತಿದ್ದವರು ದತ್ತಾತ್ರೇಯರೇ. ಬೇರೆ ಯಾರ ಬಾಯಿಂದಲಾದರೂ ಈ ಮಾತು ಬಂದದ್ದನ್ನು ಅವರ ಹೆಂಡತಿ ಗಂಗೂಬಾಯಿ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಅರವತ್ತೊಂಬತ್ತು ತುಂಬಿದರೂ ಈ ಮನುಷ್ಯ ಬ್ರಶ್ಶು, ಪೇಸ್ಟು ಮುಟ್ಟಿದವರಲ್ಲ. ತಾಯಿ ಅಂಬುಬಾಯಿ ಕಲಿಸಿಕೊಟ್ಟ ಕೆಂಪು ಹಲ್ಲುಪುಡಿ, ತೋರುಬೆರಳು, ಒಂದು ತಂಬಿಗೆ ನೀರು, ಅಷ್ಟೇ. ವರ್ಷಕ್ಕೊಮ್ಮೆ ದಸರೆಗೆ ಮುಂಚೆ ಮನೆಯಿರುವ ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಕೋಠಿ ಪೇಟೆಗೆ ಹೋಗಿ ಕಾವಿಮಣ್ಣು, ಲವಂಗ, ಪಟಿಕ ತರುವರು. ಉಪ್ಪು ಬೆರೆಸಿ ತಾವೇ ಕುಟ್ಟಿ, ವಸ್ತ್ರಗಾಳಿಸಿ, ಹಿತ್ತಾಳೆ ಡಬ್ಬಿಗೆ ತುಂಬುವರು. ಗಂಗೂಬಾಯಿ ಮುಟ್ಟುವ ಹಾಗಿಲ್ಲ.

ಆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕೋಠಿಯ ಗಲ್ಲಿಯೊಳಗಿನ ಹಳೆಯ ಬಾಡಿಗೆ ಮನೆ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಆಳಂದದಿಂದ ಬಂದು ನಿಜಾಮರ ಕಾಲದಲ್ಲೇ ಸರ್ವೆ ಖಾತೆ ಸೇರಿ ನಕ್ಷೆ ಬರೆಯುತ್ತಿದ್ದ ಅಪ್ಪ, ಇಬ್ಬರು ಅಣ್ಣಂದಿರು, ಕಿರಿಯ ದತ್ತು, ನಾಲ್ಕೂ ಜನ ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಕೂತು ಹಲ್ಲು ತಿಕ್ಕುವುದು. ಕೆಂಪು ಉಗುಳನ್ನು ಯಾರು ಹೆಚ್ಚು ದೂರ ಹಾರಿಸುತ್ತಾರೆ ಅಂತ ಪಂದ್ಯ. ಗೆಲ್ಲುವವರು ಯಾವಾಗಲೂ ಅಪ್ಪ. ಎಂಥ ಸುಖದ ದಿನಗಳು ಅವು!

ಮೂರು ತಿಂಗಳ ಹಿಂದೆ ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ದತ್ತಾತ್ರೇಯರು ಎದೆ ಹಿಡಿದುಕೊಂಡು ಕುಸಿದರು. ಪಕ್ಕದಲ್ಲಿದ್ದವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು, ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಮೊನ್ನೆ ತಪಾಸಣೆಗೆ ಹೋದಾಗ ಹೃದಯದ ಡಾಕ್ಟರು ಎಲ್ಲ ನೋಡಿ, ಕೊನೆಗೆ ಒಮ್ಮೆ ಹಲ್ಲಿನ ಡಾಕ್ಟರಿಗೂ ತೋರಿಸಿ ಎಂದರು.

"ಹುಚ್ಚ ಹಿಡದೈತೇನು ಇವರಿಗೆ? ಕೆಟ್ಟದ್ದು ಎದಿ, ತೋರಿಸೂದು ಬಾಯಿ!" ಎಂದು ದತ್ತಾತ್ರೇಯರು ದಾರಿಯುದ್ದಕ್ಕೂ ಹಾರಾಡಿದರು.

"ತೋರಿಸಿದ್ರ ನಿಮ್ಮ ಗಂಟೇನು ಹೋಗತೈತಿ? ಮೃಣಾಲಿನಿ ಮನಿ ಮಗಳು. ನಡೀರಿ ಸುಮ್ಮನ," ಎಂದರು ಗಂಗೂಬಾಯಿ.

ಮೃಣಾಲಿನಿ ಗಂಗೂಬಾಯಿಯ ಅಕ್ಕನ ಮಗಳು. ನಾಲ್ಕು ಓಣಿಯಾಚೆ ಅವಳ ಹಲ್ಲಿನ ದವಾಖಾನೆ. ಕಾಕಾನನ್ನು ಕುರ್ಚಿಯಲ್ಲಿ ಒರಗಿಸಿ, ಬಿಳಿ ಹತ್ತಿಯ ಉಂಡೆಯಿಂದ ಒಸಡು ಒರೆಸಿದಳು. ಹತ್ತಿ ಕೆಂಪಾಯಿತು. ಇನ್ನೊಂದು ಉಂಡೆ ತೆಗೆದುಕೊಂಡಳು. ಅದೂ ಕೆಂಪಾಯಿತು.

"ಕಾಕಾ, ಮುಂಜಾನೆ ಹಲ್ಲು ತಿಕ್ಕುವಾಗ ರಕ್ತ ಬರತೈತೇನ್ರಿ?"

"ಛೇ, ಒಂದಿನಾನೂ ಕಂಡಿಲ್ಲವಾ. ಇದು ರಕ್ತ ತೆಳ್ಳಗ ಮಾಡೂ ಗುಳಿಗಿ ಆಟ."

"ಗುಳಿಗಿ ಮೂರು ತಿಂಗಳದ್ದು ಕಾಕಾ. ಹಲ್ಲಿನ ಬುಡ ಸವದದ್ದು ಇಪ್ಪತ್ತು ವರ್ಷದ್ದು. ಯಾತರಲೆ ತಿಕ್ಕತೀರಿ?"

"ಅಂಬುಬಾಯಿ ಪುಡಿ!" ಎಂದು ದತ್ತಾತ್ರೇಯರು ಹೆಮ್ಮೆಯಿಂದ ಹೇಳಿದರು. "ಕಾವಿ ಹಾಕಿದ ಕೆಂಪು ಪುಡಿ."

ಹೇಳಿ, ಕೆಂಪಾದ ಹತ್ತಿಯ ಕಡೆ ನೋಡಿದರು. ಕೆಂಪು ಉಗುಳಿನಲ್ಲಿ ಕೆಂಪು ರಕ್ತ ಯಾರ ಕಣ್ಣಿಗೆ ಬೀಳಬೇಕು? ಮೃಣಾಲಿನಿ ಬಲಗಡೆಯ ಎರಡು ಹಲ್ಲು ಅಲುಗಿಸಿ ತೋರಿಸಿದಳು. ಎಷ್ಟೋ ವರ್ಷಗಳಿಂದ ತಾವು ಎಡಗಡೆಯಿಂದಲೇ ಅಗಿಯುತ್ತಿದ್ದೇವೆ ಎಂಬುದು ದತ್ತಾತ್ರೇಯರಿಗೆ ಆಗ ಹೊಳೆಯಿತು.

"ನಿಮ್ಮ ತಂದೀಯವರ ಹಲ್ಲು ಹ್ಯಾಂಗಿದ್ವು? ಅವರು ಯಾತರಿಂದ ಹೋದರು?"

"ಎದಿಬ್ಯಾನಿ. ಐವತ್ತಮೂರಕ್ಕ. ಆಫೀಸಿನ್ಯಾಗ ಕುರ್ಚಿ ಮ್ಯಾಲ ಕೂತಲ್ಲೇ ಹೋದ್ರು. ನನಗ ಹದಿನಾಕು ವರ್ಷ," ಎಂದರು ದತ್ತಾತ್ರೇಯರು. ಅಪ್ಪನ ಮಾತು ಬಂತೆಂದರೆ ಅವರಿಗೆ ಪೇರಲಹಣ್ಣಿನ ಕಥೆ ಹೇಳದೆ ಇರಲಾಗುತ್ತಿರಲಿಲ್ಲ. ಮನೆಯವರೆಲ್ಲ ನೂರು ಸಲ ಕೇಳಿದ್ದು. "ಶನಿವಾರ ಅರ್ಧ ದಿನ ಆಫೀಸು. ಬರುವಾಗ ಬಂಡೀ ಮ್ಯಾಲಿನ ಐದು ಪ್ಯಾರಲಹಣ್ಣು ಪೇಪರಿನ್ಯಾಗ ಸುತ್ತಿಕೊಂಡು ಬರತಿದ್ರು. ತಲಿಗೊಂದು. ತಮ್ಮ ಪಾಲಿಂದು ಮಾತ್ರ ನನಗ ಕೊಡತಿದ್ರು. 'ನನಗ ಬ್ಯಾಡ, ದತ್ತೂ ತಿನ್ನಲಿ.' ರೊಟ್ಟಿ ಕಟಕಟಿ ಅಂಚೂ ನನಗ. ಅಣ್ಣಂದಿರಿಗೆ ಉರಿ ಹತ್ತತಿತ್ತು. ಅಪ್ಪಗ ನಾನಂದ್ರ ಜೀವ. ಒಮ್ಮೆ ನಾನ ಹಟಾ ಮಾಡಿ ಅವರ ಬಾಯಾಗ ಹಣ್ಣು ಇಟ್ಟೆ. ಒಂದು ತುತ್ತು ಕಚ್ಚಿದ್ರು, ಹಣ್ಣು ಕೆಂಪಾತು. 'ಒಳಗ ಕೆಂಪು ತಿರುಳಿನ ಹಣ್ಣೋ ಇದು' ಅಂದು ನಕ್ಕು..."

ಆ ಹಣ್ಣಿನ ಉಳಿದ ಭಾಗ ಬೆಳ್ಳಗಿತ್ತು. ತಟ್ಟೆಯಲ್ಲಿದ್ದ ಹತ್ತಿ ಉಂಡೆಗಳನ್ನೇ ದತ್ತಾತ್ರೇಯರು ನೋಡುತ್ತ ಕೂತರು. ಅಪ್ಪ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದದ್ದು, ಕೆನ್ನೆಯೊಳಗೆ ಸದಾ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು.

"ಅಂದ್ರ ಅವರಿಗೂ ಇದ ಇತ್ತು. ಇದರಿಂದನ ಹೋದ್ರೇನವಾ?"

"ಹಂಗಂತ ಆಣಿ ಮಾಡಿ ಹೇಳಾಕ ಬರೂದಿಲ್ಲ ಕಾಕಾ," ಎಂದಳು ಮೃಣಾಲಿನಿ. "ಒಸಡಿನ ರೋಗ ಇದ್ದವರೊಳಗ ಎದಿ ರೋಗಾನೂ ಹೆಚ್ಚು ಕಾಣತೈತಿ. ಬಾಯಾಗಿನ ಬಾವು, ಕ್ರಿಮಿ ರಕ್ತಕ್ಕ ಇಳೀತಾವು. ತಂಬಾಕು, ಸಕ್ರಿ ಕಾಯಿಲೆ ಎರಡನ್ನೂ ಕೆಡಸತಾವು. ಆದ್ರ ಇದರಿಂದನ ಅದು ಬಂತು ಅಂತ ಯಾರೂ ಪಕ್ಕಾ ಹೇಳಿಲ್ಲ. ನಿಮ್ಮ ಎದಿ ಒಮ್ಮೆ ಕೈ ಕೊಟ್ಟೈತಿ, ಬಾಯಿ ಹಿಂಗ ಬಿಡೂದು ಬ್ಯಾಡ. ನಾಕು ಸಲ ಬರ್ರಿ, ಒಸಡಿನ ಬುಡದಾಗಿಂದೆಲ್ಲ ಸ್ವಚ್ಛ ಮಾಡತೀನಿ. ನಿಮ್ಮ ಡಾಕ್ಟರನ್ನ ಕೇಳಿಕೊಂಡ ಮಾಡತೀನಿ."

ದತ್ತಾತ್ರೇಯರು ಹೋಗಲಿಲ್ಲ. ಗುರುವಾರ ಕರೆದಳು, ಹೋಗಲಿಲ್ಲ. ಸೋಮವಾರ ಕರೆದಳು, ಹೋಗಲಿಲ್ಲ. ಗಂಗೂಬಾಯಿ ಬೈದರು, ರಮಿಸಿದರು, ಕೊನೆಗೆ ಅತ್ತರು.

"ಒಮ್ಮೆ ಬಾಯಿ ತೆಗದು ಅಪ್ಪನ್ನ ಕಳಕೊಂಡೆ. ಇನ್ನೊಮ್ಮೆ ತೆಗಿಯೂದಿಲ್ಲ," ಎಂದರು ದತ್ತಾತ್ರೇಯರು. "ಐವತ್ತೈದು ವರ್ಷ ಅದನ್ನ ಪ್ರೀತಿ ಅಂತ ತಿಳಕೊಂಡಿದ್ದೆ. ಪ್ರೀತಿ ಅಲ್ಲ ಅದು, ಹಲ್ಲುಬ್ಯಾನಿ. ಕಡಿಯಾಕ ಆಗದ್ದು ನನಗ ಕೊಟ್ರು."

ಅರವತ್ತೊಂಬತ್ತರ ಗಂಡಸು ಹದಿನಾಲ್ಕರ ಹುಡುಗನ ಹಾಗೆ ಮುಖ ಊದಿಸಿಕೊಂಡು ಕೂತರೆ ಯಾರೇನು ಮಾಡಬೇಕು? ನಗುವ ಹಾಗೂ ಇರಲಿಲ್ಲ. ಅವರಿಗೆ ನಿಜಕ್ಕೂ ಅಪ್ಪ ಇನ್ನೊಮ್ಮೆ ತೀರಿಕೊಂಡಂತಾಗಿತ್ತು.

ಭಾನುವಾರ ಕೊಂಡಾಪುರದಿಂದ ಮಗ ವಿಶ್ವಜಿತ್ ತನ್ನ ಎಂಟು ವರ್ಷದ ಮಗಳು ಮಂದಾರಳನ್ನು ಬಿಟ್ಟು ಹೋದ. ಮೊಮ್ಮಗಳು ಬರುವ ದಿನ ದತ್ತಾತ್ರೇಯರು ಮಾತ್ರ ಸಿಟ್ಟು ಬದಿಗಿಟ್ಟು ಬಿಸಿಲಲ್ಲಿ ಮೂಲೆಯ ಬಂಡಿಯವರೆಗೆ ನಡೆದು ಹೋಗಿ, ಒತ್ತಿ ಒತ್ತಿ ನೋಡಿ, ಮೂರು ಪೇರಲಹಣ್ಣು ತಂದರು. ಮಂದಾರ ತನ್ನದನ್ನು ಒಂದೇ ಉಸಿರಿಗೆ ಮುಗಿಸಿ ಅಜ್ಜನ ಕೈ ನೋಡಿದಳು.

"ನನಗ ಬ್ಯಾಡ, ನೀ ತಿನ್ನವಾ," ಎಂದು ಅವರು ತಮ್ಮದನ್ನೂ ಕೊಟ್ಟರು.

ಹುಡುಗಿ ಅಡಿಗೆಮನೆಗೆ ಓಡಿತು. "ಅಜ್ಜೀ, ಅಜ್ಜಗ ನಾನಂದ್ರ ಭಾಳ ಇಷ್ಟ! ಪ್ರತಿ ಸಲ ತನ್ನ ಪಾಲಿಂದೂ ನನಗ ಕೊಡತಾನ!"

ದತ್ತಾತ್ರೇಯರು ಬಾಗಿಲಲ್ಲೇ ನಿಂತುಬಿಟ್ಟರು. ಮಂದಾರ ಅಂಗಳಕ್ಕೆ ಹೋದ ಮೇಲೆ ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿದರು, "ಕೂಸಿಗೆ ಮೋಸ ಮಾಡಾಕತ್ತೀನಿ ನೋಡು. ನನಗ ಕಡಿಯಾಕ ಆಗೂದಿಲ್ಲ, ಅದಕ್ಕ ಕೊಟ್ಟೆ."

ಗಂಗೂಬಾಯಿ ಹಿಟ್ಟಿನ ಕೈಯಲ್ಲೇ ತಿರುಗಿದರು. "ಕಡಿಯಾಕ ಆಗದವರು ಬಿಸಲಾಗ ಹೋಗಿ ಮೂರು ಯಾಕ ತಂದ್ರಿ? ಎರಡ ತರಬೇಕಿತ್ತು."

"ಎರಡ ತಂದ್ರ ಕೂಸಿಗೆ ಒಂದ ಸಿಗತಿತ್ತಲ್ಲ..."

"ಹೌದಲ್ರೀ? ಮತ್ತ ಮಾವಾರು ಪ್ರತಿ ಶನಿವಾರ ಐದು ಯಾಕ ತರತಿದ್ರು?"

ದತ್ತಾತ್ರೇಯರು ನೆಲದ ಮೇಲೆ ಕೂತುಬಿಟ್ಟರು. ನಾಲ್ಕು ತಂದಿದ್ದರೆ ಯಾರು ಕೇಳುತ್ತಿದ್ದರು? ನೋಯುವ ಬಾಯಿ ಇಟ್ಟುಕೊಂಡು, ತನಗೆ ತಿನ್ನಲಾಗದ ಹಣ್ಣನ್ನು ವರ್ಷಗಟ್ಟಲೆ ಆರಿಸಿ ಆರಿಸಿ ತಂದಿದ್ದರು ಅಪ್ಪ. ಮಗನ ಎದುರು ರಕ್ತವನ್ನೂ ಕೆಂಪು ತಿರುಳು ಎಂದು ನಕ್ಕಿದ್ದರು. ದತ್ತಾತ್ರೇಯರಿಗೆ ಅಳು ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ.

"ಮೃಣಾಲಿನಿಗೆ ಫೋನ್ ಹಚ್ಚು," ಎಂದರು ಕಣ್ಣೊರೆಸಿಕೊಂಡು. "ನಾಳೆ ಬರತೀನಂತ ಹೇಳು."

ಎರಡು ತಿಂಗಳು ಹಿಡಿಯಿತು. ಒಂದು ಹಲ್ಲು ಹೋಯಿತು, ಉಳಿದವು ಗಟ್ಟಿಯಾದವು. ಹಿತ್ತಾಳೆ ಡಬ್ಬಿ ಖಾಲಿಯಾಗಿ ದೇವರ ಮನೆಯ ಗೂಡಿಗೆ ಸೇರಿತು. ಬ್ರಶ್ಶಿನ ಬಿಳಿ ನೊರೆಯನ್ನು ದತ್ತಾತ್ರೇಯರು ದಿನಾಲೂ ಬಗ್ಗಿ ನೋಡಿಯೇ ಉಗುಳುತ್ತಿದ್ದರು.

ಆಮೇಲಿನ ಒಂದು ಭಾನುವಾರ ಅವರು ಬಂಡಿಯಿಂದ ನಾಲ್ಕು ಹಣ್ಣು ತಂದರು. ತಮ್ಮದನ್ನು ತಾವೇ ಕಚ್ಚಿದರು. ಹಲ್ಲು ಮೂಡಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳ್ಳಗಿತ್ತು. ಆಮೇಲೆ ಚಾಕು ತೆಗೆದುಕೊಂಡು ನಾಲ್ಕನೆಯ ಹಣ್ಣನ್ನು ಸಿಪ್ಪೆ ಹೆರೆದು, ಬೀಜ ತೆಗೆದು, ಎಲೆಯಷ್ಟು ತೆಳ್ಳಗೆ ಹೆಚ್ಚಿ, ತಟ್ಟೆಯಲ್ಲಿ ಹಾಕಿ ಅಪ್ಪನ ಫೋಟೋದ ಮುಂದೆ ಇಟ್ಟರು.

"ಅಷ್ಟು ಸಣ್ಣಗ ಯಾಕ ಹೆಚ್ಚಿದಿ ಅಜ್ಜಾ?" ಎಂದು ಮಂದಾರ ಕೇಳಿದಳು.

"ಅವರಿಗೆ ಹಲ್ಲು ಭಾಳ ನೋಯತಿದ್ವು ಕೂಸ," ಎಂದರು ದತ್ತಾತ್ರೇಯರು. "ನನಗ ಗೊತ್ತಿದ್ದಿಲ್ಲ."