ಕುರ್ಚಿಗೆ ಬಂದ ವಾರಂಟು

ಇಪ್ಪತ್ತೊಂದು ವರ್ಷ ಗಾಳಿಮನೆಯ ಮೀಟರುಗಳನ್ನು ಓದಿ ಓದಿ ಮೀಟರಪ್ಪನಿಗೆ ಕನ್ನಡಕ ಬಂದಿತ್ತೇ ಹೊರತು ಬಡ್ತಿ ಬಂದಿರಲಿಲ್ಲ. ಹೆತ್ತವರಿಟ್ಟ ಹೆಸರನ್ನು ಊರು ಎಂದೋ ಮರೆತಿತ್ತು. ಒಮ್ಮೆ ಹಾಜರಿ ಪಟ್ಟಿಯಲ್ಲೂ ಮೀಟರಪ್ಪ ಎಂದೇ ಅಚ್ಚಾಗಿತ್ತು, ಅವನು ತಿದ್ದಿಸಲು ಹೋಗಲಿಲ್ಲ. ಹೊರಗೆ ಉಸಿರಾಡಲು ಗಾಳಿಯೇ ಇಲ್ಲದ ಆ ನೆಲದಲ್ಲಿ, ಗಾಜಿನ ಸೂರಿನ ಕೆಳಗೆ ಏಳು ಸಾಲು ಮನೆಗಳ ಆ ಊರು ಬದುಕಿದ್ದುದು ಗಾಳಿಮನೆಯ ಏಳು ಕವಾಟಗಳಿಂದ. ಯಾವ ಸಾಲಿಗೆ ಎಷ್ಟು ಗಾಳಿ ಬಿಡಬೇಕೆಂದು ತೀರ್ಮಾನಿಸುವವನು ಮುಖ್ಯಾಧಿಕಾರಿ. ಮುಳ್ಳು ಎಲ್ಲಿ ನಿಂತಿದೆಯೆಂದು ಓದಿ ಬರೆಯುವವನು ಮೀಟರಪ್ಪ.

ಹೀಗಿರುವಾಗ ಒಂದು ಬೆಳಿಗ್ಗೆ ಮುಖ್ಯಾಧಿಕಾರಿ ಅವನನ್ನು ಒಳಗೆ ಕರೆದು, ತಾನು ಎದ್ದು ನಿಂತು, ತನ್ನ ಕುರ್ಚಿಯನ್ನೇ ತೋರಿಸಿದ. ಮಾತಿನ ನುಣುಪಿಗಾಗಿ ಎಲ್ಲರೂ ಆತನನ್ನು ಬೆನ್ನ ಹಿಂದೆ ಬೆಣ್ಣೆ ಸಾಹೇಬ ಎನ್ನುತ್ತಿದ್ದರು.

“ಕೂತ್ಕೊಳಯ್ಯ. ಇನ್ಮೇಲೆ ಇದು ನಿಂದು.”

“ನಂದಾ? ಮತ್ತೆ ನೀವು, ಸಾರ್?”

“ನನಗೆ ಸಾಕಾಯ್ತು. ಬೀಜದ ಉಗ್ರಾಣದಲ್ಲಿ ಗುಮಾಸ್ತನಾಗಿ ನೆಮ್ಮದಿಯಾಗಿ ಇರ್ತೀನಿ. ಇಲ್ಲೊಂದು ಸಹಿ ಹಾಕು, ಇಲ್ಲೊಂದು. ಅದೇನು ಓದ್ತಾ ಕೂತೆ? ಇಷ್ಟು ವರ್ಷ ಮೀಟರ್ ಓದಿದ್ದು ಸಾಲದಾ?”

ಮೀಟರಪ್ಪ ನಕ್ಕು ಸಹಿ ಹಾಕಿದ. ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ಎರಡೆರಡು ಸಲ ನೋಡುತ್ತಿದ್ದ ಮನುಷ್ಯ, ತನ್ನ ಹಣೆಬರಹದ ಕಾಗದವನ್ನು ಒಂದು ಸಲವೂ ನೋಡಲಿಲ್ಲ.

ಹೊರಗೆ ಬಂದಾಗ ಗಾಜಿನ ಸೂರಿನಾಚೆ, ಹಗಲಿನಲ್ಲೇ, ಪೇದೆಚುಕ್ಕಿ ಉರಿಯುತ್ತಿತ್ತು. ಅದು ನಿಜವಾಗಿ ನಕ್ಷತ್ರವಲ್ಲ. ಹತ್ತೊಂಬತ್ತು ಬೆಳಕಿನ ವರ್ಷ ದೂರದ ನ್ಯಾಯಸ್ಥಾನದಿಂದ ಹೊರಟ ನೌಕೆಯೊಂದು ವೇಗ ಇಳಿಸಿಕೊಳ್ಳಲು ಉಗುಳುವ ಬೆಂಕಿ. ಮೂರು ವರ್ಷದ ಹಿಂದೆ ಸಾಸಿವೆಯಷ್ಟಿತ್ತು, ಈಗ ಕಣ್ಣು ಚುಚ್ಚುತ್ತಿತ್ತು. ನೌಕೆಯಲ್ಲಿ ಒಬ್ಬ ಪೇದೆ, ಪೇದೆಯ ಬಳಿ ಒಂದು ವಾರಂಟು. ಊರಿಗೆ ತಿಳಿದಿದ್ದುದು ಅಷ್ಟೆ. ಯಾರ ಮೇಲಿನ ವಾರಂಟು ಎಂಬುದು ಯಾರಿಗೂ ತಿಳಿಯದು. ಮೂರು ವರ್ಷದಿಂದ ಆ ಊರಿನಲ್ಲಿ ಕಳ್ಳತನ ನಿಂತಿತ್ತು, ನಗುವೂ ನಿಂತಿತ್ತು. ಬಾಗಿಲು ತಟ್ಟಿದರೆ ಜನ ಮೊದಲು ಸೂರಿನ ಕಡೆ ನೋಡಿ ಆಮೇಲೆ ಅಗುಳಿ ತೆಗೆಯುತ್ತಿದ್ದರು.

ಆದರೆ ಆ ದಿನ ಮೀಟರಪ್ಪನ ಮನೆಯಲ್ಲಿ ನಗುವಿತ್ತು. ಸೂರಿನಾಚೆ ಹೋಗುವವರು ತೊಡುವ ಹೊರಉಡುಪುಗಳನ್ನು ಹೊಲಿಯುವ ಅವನ ಹೆಂಡತಿ ಯಂತ್ರ ನಿಲ್ಲಿಸಿ ಎದ್ದು ಬಂದಳು. ಅವಳ ತಂಗಿಯ ಗಂಡ, ಅಂದರೆ ಮೀಟರಪ್ಪನ ಷಡ್ಡಕ, ಸುದ್ದಿ ಕೇಳಿ ಓಡಿ ಬಂದ. ಗಾಳಿಮನೆಯಲ್ಲೇ ಪಂಪು ರಿಪೇರಿ ಮಾಡುವ ಆತನಿಗೆ ಆ ಕುರ್ಚಿಯ ಮೇಲೆ ಮೊದಲಿನಿಂದಲೂ ಕಣ್ಣು.

“ಅಲ್ಲಾ ಅತ್ತಿಗೆ, ಪಂಪು ನಿಂತ್ರೆ ಎಣ್ಣೆಗೈ ನಂದು, ಕುರ್ಚಿಗೆ ಮಾತ್ರ ಅಣ್ಣನ ಬೆನ್ನು. ಮುಳ್ಳು ನೋಡಿದವರೇ ಹೂವಿನ ಹಾಸಿಗೆ ಏರ್ತಾರೆ ಅಂತ ಮೊದಲೇ ಹೇಳಿದ್ರೆ ನಾನೂ ಮುಳ್ಳೇ ನೋಡ್ತಿದ್ದೆ.”

“ಹೊಟ್ಟೆಕಿಚ್ಚು ಪಟ್ಟಿದ್ದು ಸಾಕು, ನೀರು ಕುಡಿ” ಎಂದಳು ಅವಳು. ಎಲ್ಲರೂ ನಕ್ಕರು.

ಮೂರನೆಯ ದಿನ ಮೀಟರಪ್ಪ ನಿಯಮಾವಳಿಯನ್ನು ಕೈಗೆತ್ತಿಕೊಂಡ. ಹುದ್ದೆಗೆ ಬಂದವನು ಹುದ್ದೆಯ ಕರ್ತವ್ಯವನ್ನು ತಿಳಿಯಬೇಕಲ್ಲವೇ ಎಂಬ ಸರಳ ಪ್ರಾಮಾಣಿಕತೆಯಿಂದ ಓದತೊಡಗಿದವನು ನಾಲ್ಕನೆಯ ಕಲಮಿನಲ್ಲಿ ನಿಂತ.

“ವ್ಯಕ್ತಿ ಸಾಯುತ್ತಾನೆ, ಹುದ್ದೆ ಸಾಯುವುದಿಲ್ಲ. ದೂರದ ದೆಸೆಯಿಂದ ಅಪರಾಧಿಯನ್ನು ಜೀವಂತ ಹಿಡಿಯಲಾಗದ ಊರುಗಳಲ್ಲಿ, ಹುದ್ದೆಯ ಬಲದಿಂದ ಎಸಗಿದ ಅಪರಾಧಕ್ಕೆ, ಪೇದೆ ಇಳಿದ ದಿನ ಆ ಹುದ್ದೆಯಲ್ಲಿರುವವರೇ ಹೊಣೆ. ಹುದ್ದೆಯನ್ನು ಖಾಲಿ ಬಿಡತಕ್ಕದ್ದಲ್ಲ.”

ಅವನು ಬೀರುವಿನ ತಳದಿಂದ ಹಳೆಯ ದಿನಚರಿಗಳನ್ನು ಎಳೆದು, ವರ್ಷ ವರ್ಷ ಹಿಂದಕ್ಕೆ ಸರಿದ. ದೂರು ನ್ಯಾಯಸ್ಥಾನ ಮುಟ್ಟಲು ಹತ್ತೊಂಬತ್ತು ವರ್ಷ, ನೌಕೆ ಇಲ್ಲಿಗೆ ಬರಲು ನಲವತ್ತು; ಆ ಲೆಕ್ಕಕ್ಕೆ ಕೂಡಿಬಂದದ್ದು ಅರವತ್ತು ವರ್ಷದ ಹಿಂದಿನ ಒಂದು ಪುಟ. ಏಳನೆಯ ಕವಾಟ, ಕೆಳಸಾಲು, ಹನ್ನೊಂದು ಗಂಟೆ ಮುಚ್ಚಲಾಗಿದೆ. ಕಾರಣ: ದುರಸ್ತಿ. ಆ ವಾರ ಬೇರೆ ಆರು ಸಾಲುಗಳಿಗೆ ಗಾಳಿ ಎಂದಿನಂತೆಯೇ ಹೋಗಿತ್ತು. ಪುಟದ ಅಂಚಿನಲ್ಲಿ ಬೇರೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಮೂವತ್ತೊಂದು ಜನ. ಕೆಳಗೆ ಅಂದಿನ ಮುಖ್ಯಾಧಿಕಾರಿಯ ಸಹಿ. ಆ ಮಹಾನುಭಾವನ ಚಿತ್ರ ಈಗಲೂ ಕುರ್ಚಿಯ ಮೇಲ್ಗಡೆ ತೂಗುತ್ತಿತ್ತು. ಆತ ತೊಂಬತ್ತರ ವಯಸ್ಸಿನಲ್ಲಿ, ತನ್ನದೇ ಹಾಸಿಗೆಯಲ್ಲಿ, ಸನ್ಮಾನಗಳ ನಡುವೆ ಸತ್ತಿದ್ದ. ಕೊಂದವನಿಗೆ ಚೌಕಟ್ಟು, ಕುರ್ಚಿ ಒರೆಸಿ ಕೂತವನಿಗೆ ಬೇಡಿ! ದೂರವನ್ನು ನೆಪ ಮಾಡಿಕೊಂಡು ಅಪರಾಧಿಯನ್ನು ಹುಡುಕುವ ಕಷ್ಟವನ್ನೇ ಕೈಬಿಟ್ಟ ಕಾನೂನು ಎಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚಾದರೂ ಧರ್ಮವಾಗುವುದಿಲ್ಲ.

ಮೀಟರಪ್ಪ ನೆಟ್ಟಗೆ ಬೀಜದ ಉಗ್ರಾಣಕ್ಕೆ ನಡೆದ. ಬೆಣ್ಣೆ ಸಾಹೇಬ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ.

“ಏಳನೇ ಕವಾಟದ ವಿಷಯ ನಿಮಗೆ ಗೊತ್ತಿತ್ತಾ?”

“ಮೆಲ್ಲಗೆ ಮಾತಾಡು.”

“ನಾನು ಆಗ ಹುಟ್ಟೇ ಇರಲಿಲ್ಲ.”

“ನಾನಾದ್ರೂ ಹುಟ್ಟಿದ್ನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಎಮ್ಮೆ ಆಗೋದು ಬೇಡ ಅಂತ ಎದ್ದು ಬಂದೆ. ನೀನೂ ಎದ್ದು ಬಾ, ಇನ್ನೂ ಒಂಬತ್ತು ದಿನ ಇದೆ.”

“ಖಾಲಿ ಬಿಡೋ ಹಾಗಿಲ್ವಲ್ಲ.”

“ಖಾಲಿ ಯಾಕೆ ಬಿಡ್ತೀಯ? ನಿನ್ನ ಷಡ್ಡಕನಿಗೆ ಆ ಕುರ್ಚಿ ಕನಸಲ್ಲೂ ಬರುತ್ತೆ. ಕೇಳ್ಕೊಂಡು ಬಂದವನಿಗೆ ಕೊಟ್ರೆ ಅದು ದಾನ ಕಣಯ್ಯ.” ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ಕೂರಿಸಿದ. “ನಾನು ಸುಳ್ಳು ಹೇಳಿದ್ನಾ ನಿನಗೆ? ಓದಿ ಸಹಿ ಹಾಕ್ಬೇಕಿತ್ತು.”

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ನ್ಯಾಯಸ್ಥಾನಕ್ಕೆ ಹೋಗಲು ನಲವತ್ತು ವರ್ಷ, ಬಿಟ್ಟುಕಳಿಸಿದರೂ ಬರಲು ನಲವತ್ತು. ಹೋಗುವವನು ನೌಕೆಯಲ್ಲಿ ನಿದ್ದೆ ಹೋಗಿರುತ್ತಾನೆ. ಉಳಿದವರು ಎಚ್ಚರವಾಗಿದ್ದು ಮುದಿಯಾಗಿ ಸಾಯುತ್ತಾರೆ. ಅವಳು ಹೊಲಿಯುತ್ತಿದ್ದ ಉಡುಪಿನ ತೋಳನ್ನು ಮಡಿಲಲ್ಲಿಟ್ಟುಕೊಂಡಳು.

“ಅವನಿಗೆ ಕೊಟ್ಟುಬಿಡಲಾ?” ಎಂದ ಮೀಟರಪ್ಪ.

“ನನ್ನ ಕೇಳ್ಬೇಡಿ.”

“ನಿನ್ನನ್ನಲ್ದೆ ಯಾರನ್ನ ಕೇಳಲಿ?”

“ಕೇಳಿದ್ರೆ ಕೊಡಿ ಅಂತೀನಿ. ಅವಳು ನನ್ನ ಬೆನ್ನಿಗೆ ಬಿದ್ದ ತಂಗಿ. ಆದ್ರೂ ಕೊಡಿ ಅಂತೀನಿ. ಅದಕ್ಕೇ ಕೇಳ್ಬೇಡಿ.”

ಅಂದಿನಿಂದ ಮೀಟರಪ್ಪನಿಗೆ ಅನ್ನನೀರು ರುಚಿಸಲಿಲ್ಲ. ಪೇದೆಚುಕ್ಕಿ ಈಗ ಮೇಜಿನ ಮೇಲೆ ನೆರಳು ಬೀಳಿಸುವಷ್ಟು ಬೆಳೆದಿತ್ತು. ಅವನ ಕೈಗೆ ಎರಡೆರಡು ನೆರಳು. ಐದನೆಯ ದಿನ ಅವನು ವರ್ಗಾವಣೆಯ ಕಾಗದ ಸಿದ್ಧಪಡಿಸಿ, ನಿಯಮಾವಳಿಯನ್ನು ಡ್ರಾಯರಿನೊಳಗೆ ತಳ್ಳಿ, ಷಡ್ಡಕನಿಗೆ ಹೇಳಿಕಳಿಸಿದ.

ಷಡ್ಡಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಉಗುರಿನ ಸಂದಿಯ ಎಣ್ಣೆಯನ್ನು ಕೂಡ ತಿಕ್ಕಿ ತೆಗೆದಿದ್ದ.

“ನಿಜವಾಗ್ಲೂ ನನಗಾ ಅಣ್ಣ? ನಾನು ಹಿಂದೆ ಏನೇನೋ ಅಂದಿದ್ದೆ, ಮನಸ್ಸಲ್ಲಿ ಇಟ್ಕೋಬೇಡಿ. ಮನೇಲಿ ಅವಳು ಅಳ್ತಾ ಇದಾಳೆ, ಖುಷಿಗೆ.”

“ಇಲ್ಲೊಂದು ಸಹಿ ಹಾಕು” ಎಂದ ಮೀಟರಪ್ಪ. “ಇಲ್ಲೊಂದು.”

ಷಡ್ಡಕ ಕಾಗದದ ಮೇಲೆ ಬಾಗಿದ. ‘ಇಲ್ಲೊಂದು’ ಎಂದದ್ದು ಮೀಟರಪ್ಪನ ದನಿಯಾಗಿರಲಿಲ್ಲ. ನುಣ್ಣಗೆ, ಅವಸರವಿಲ್ಲದೆ, ಅಕ್ಕರೆಯಿಂದ ಬಂದ ಆ ದನಿ ಬೆಣ್ಣೆ ಸಾಹೇಬನದು; ಅದು ತನ್ನ ಗಂಟಲಿನಲ್ಲಿ ಯಾವಾಗ ಮನೆ ಮಾಡಿತೋ ತಿಳಿಯಲಿಲ್ಲ. ಪೇದೆಗಿಂತ ಹೆಚ್ಚಾಗಿ ಅವನು ಆ ಕ್ಷಣ ಆ ದನಿಗೆ ಹೆದರಿದ. ಡ್ರಾಯರು ಎಳೆದು, ಪುಸ್ತಕ ತೆಗೆದು, ನಾಲ್ಕನೆಯ ಕಲಮನ್ನು ಕಾಗದದ ಮೇಲೆ ಇಟ್ಟ.

“ಮೊದಲು ಇದನ್ನ ಓದು.”

“ನಿಮ್ಮ ಮೇಲೆ ನಂಬಿಕೆ ಇಲ್ವಾ ನನಗೆ?”

“ಗಟ್ಟಿಯಾಗಿ ಓದು.”

ಷಡ್ಡಕ ಶಾಲೆಯ ಹುಡುಗನಂತೆ ಗಂಟಲು ಸರಿಮಾಡಿಕೊಂಡು ಓದಲಾರಂಭಿಸಿದ. ‘ಪೇದೆ ಇಳಿದ ದಿನ’ ಎಂಬಲ್ಲಿ ದನಿ ಕುಗ್ಗಿತು. ಮೀಟರಪ್ಪ ಹಳೆಯ ದಿನಚರಿಯ ಪುಟವನ್ನೂ ತೋರಿಸಿದ. ಷಡ್ಡಕ ಲೇಖನಿಯನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟು, ಮೀಟರಪ್ಪನ ಮುಖವನ್ನೇ ನೋಡಿದ. “ಸಹಿ ಆದ್ಮೇಲೆ ಹೇಳ್ಬೇಕು ಅಂತಿದ್ರಾ?” ಎಂದ.

ಮೀಟರಪ್ಪ ವರ್ಗಾವಣೆಯ ಕಾಗದವನ್ನು ತನ್ನ ಕಡೆ ಎಳೆದುಕೊಂಡ.

“ನನಗೆ ಇಬ್ಬರು ಮಕ್ಕಳು ಅಣ್ಣ” ಎಂದಷ್ಟೇ ಹೇಳಿ ಷಡ್ಡಕ ಹೊರಟುಹೋದ.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮರುದಿನ ಆಸ್ಪತ್ರೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟಳು, ಅದರ ಮರುದಿನ ನೀರಿನ ಮೇಲ್ವಿಚಾರಕ. ಯಾವ ಕುರ್ಚಿಯ ಕೆಳಗೆ ಯಾರ ಹೆಣವಿದೆಯೋ, ಇನ್ನೆಷ್ಟು ನೌಕೆಗಳು ದಾರಿಯಲ್ಲಿವೆಯೋ, ಯಾರಿಗೆ ಗೊತ್ತು? ಮುಖ್ಯೋಪಾಧ್ಯಾಯರು ನಿಂತುಕೊಂಡೇ ಹಾಜರಿ ಕರೆಯತೊಡಗಿದರು.

ನೌಕೆ ಮಧ್ಯಾಹ್ನ ಇಳಿಯಿತು. ನೆಲ ಅದುರಿ ಮೀಟರುಗಳ ಗಾಜುಗಳು ಕಿಣಿಕಿಣಿಯೆಂದವು. ಮೀಟರಪ್ಪ ಕುರ್ಚಿಯಲ್ಲಿದ್ದ, ಹೆಂಡತಿ ಗೋಡೆಗೊರಗಿ ನಿಂತಿದ್ದಳು, ಬಾಗಿಲಾಚೆಯ ಓಣಿಯಲ್ಲಿ ಜನ ಕಿಕ್ಕಿರಿದಿದ್ದರು. ಭೀಮಕಾಯದ ಯಾವನನ್ನೋ ನಿರೀಕ್ಷಿಸಿದ್ದವರ ನಡುವೆ ಗಿಡ್ಡನೆಯ, ನರೆತ ಹೆಂಗಸೊಬ್ಬಳು ನಡೆದುಬಂದಳು. ನಲವತ್ತು ವರ್ಷದ ನಿದ್ದೆಯಿಂದ ಕಾಲು ನಿಲ್ಲದೆ ಗೋಡೆ ಹಿಡಿದು ನಡೆಯುತ್ತಿದ್ದಳು. ಜನ ತಾವಾಗಿ ಗೋಡೆಗೆ ಅಂಟಿ ದಾರಿ ಬಿಟ್ಟರು.

“ಈ ಹುದ್ದೆ ಯಾರದು?”

“ನಂದು.”

ಅವಳು ವಾರಂಟನ್ನು ಓದಿದಳು. ಮೂವತ್ತೊಂದು ಹೆಸರುಗಳನ್ನು ಒಂದೊಂದಾಗಿ ಓದಿದಳು. ಅದರಲ್ಲಿ ಹನ್ನೆರಡು ಮಕ್ಕಳವು. ಮೀಟರಪ್ಪನಿಗೆ ತನ್ನ ಪರವಾಗಿ ಆಡಬೇಕೆಂದಿದ್ದ ಮಾತುಗಳೆಲ್ಲ ಆ ಹೆಸರುಗಳ ಮುಂದೆ ಚಿಕ್ಕವಾದವು. ಆದರೂ ಹೇಳಿದ: “ನಾನು ಆಗ ಹುಟ್ಟಿರಲಿಲ್ಲಮ್ಮ.”

“ಗೊತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದರೆ ಬೇಡಿಕೊಳ್ಳಬಹುದಿತ್ತು. “ಕೈ ಕೊಡಿ.”

ತೆಳ್ಳನೆಯ ಲೋಹದ ಪಟ್ಟಿ ಅವನ ಮಣಿಕಟ್ಟಿಗೆ ಬಿತ್ತು. ಅವಳು ಬಾಗಿಲ ಕಡೆ ತಿರುಗಿದಳು.

“ಕುರ್ಚಿ ಖಾಲಿ ಬಿಟ್ಟು ಇವರನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಊರಿಗೆ ಗಾಳಿ ಬೇಕು. ಮುಂದೆ ಯಾರು ಕೂರ್ತೀರಿ?”

ಓಣಿ ಸದ್ದಿಲ್ಲದೆ ಕರಗತೊಡಗಿತು. ಮೊದಲು ಹಿಂದಿನವರು, ಆಮೇಲೆ ಮುಂದಿನವರು. ಬೆಣ್ಣೆ ಸಾಹೇಬನಂತೂ ಬಂದೇ ಇರಲಿಲ್ಲ.

“ಯಾರೂ ಬರದಿದ್ರೆ?” ಎಂದು ಹೆಂಡತಿ ಕೇಳಿದಳು.

“ಕಾಯ್ತೀನಿ. ಯಾರಾದ್ರೂ ಬರೋವರೆಗೂ ಇವರು ಇಲ್ಲೇ ಇರ್ತಾರೆ, ನಾನೂ ಇಲ್ಲೇ.” ಪೇದೆ ಸ್ಟೂಲಿನ ಮೇಲೆ ಕೂತಳು.

ಹೆಂಡತಿಯ ಮುಖದಲ್ಲಿ ರಕ್ತ ಮರಳಿತು. ಯಾರು ಬರುತ್ತಾರೆ? ಈ ಹೇಡಿಗಳ ಊರಿನಲ್ಲಿ ಇನ್ನು ನೂರು ವರ್ಷವಾದರೂ ಯಾರೂ ಬರಲಾರರು. ಊರಿನ ಹೇಡಿತನಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಅಷ್ಟರಲ್ಲಿ ಓಣಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಎಲ್ಲರೂ ಹೋಗುವ ದಿಕ್ಕಿಗೆ ಎದುರಾಗಿ ಒಬ್ಬನೇ ಬರುತ್ತಿದ್ದ.

ಅವಳು ಬಾಗಿಲಿಗೆ ಅಡ್ಡ ನಿಂತಳು. “ನೀನು ಮನೆಗೆ ಹೋಗು. ತಂಗಿ ಕಾಯ್ತಿರ್ತಾಳೆ.”

“ಅವಳೇ ಕಳಿಸಿದ್ದು ಅತ್ತಿಗೆ” ಎಂದ ಷಡ್ಡಕ. ಬೆವರು ಕಣ್ಣಿಗಿಳಿಯುತ್ತಿತ್ತು. “ಓದಿಸಿದ್ರಲ್ಲ ಅಣ್ಣ, ಸಹಿಗೆ ಮುಂಚೆ. ಅಷ್ಟು ಮಾಡಿದವರನ್ನ ಒಬ್ಬರನ್ನೇ ಬಿಟ್ಟು ಓಡಿಬಂದೆ ಅಂತ ಉಣ್ಣೋಕೆ ಆಗ್ತಿಲ್ಲ. ನಾನು ಕೂರ್ತೀನಿ, ಅವರ ಬೇಡಿ ಬಿಚ್ಚಿ.”

ತಾನು ಕೂತರೆ ಮೀಟರಪ್ಪನಿಗೆ ಬಿಡುಗಡೆ ಎಂದು ಷಡ್ಡಕ ನಂಬಿದ್ದ. ಆ ತಪ್ಪನ್ನು ತಿದ್ದುವುದು ಪೇದೆಯ ಕರ್ತವ್ಯದಲ್ಲಿ ಇರಲಿಲ್ಲ. ತಿದ್ದಬಹುದಾದವನು ಮೀಟರಪ್ಪ. ನೀನು ಕೂತರೆ ನಾನು ಹೋಗಬೇಕು ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಷಡ್ಡಕ ಹಿಂದೆ ಸರಿಯುತ್ತಿದ್ದ. ಹೆಂಡತಿಯ ಕಣ್ಣುಗಳು ಆ ಮಾತನ್ನು ಬೇಡುತ್ತಿದ್ದವು. ಆದರೆ ಷಡ್ಡಕ ಹಿಂದೆ ಸರಿದರೆ, ಮೀಟರುಗಳ ಮುಂದೆ ಪಟ್ಟಿ ಬಿದ್ದ ಕೈಯವನೊಬ್ಬ, ಅವನ ಎದುರು ಸ್ಟೂಲಿನ ಮೇಲೆ ಪೇದೆಯೊಬ್ಬಳು, ಇಡೀ ಊರು ಭಯದಲ್ಲಿ ಉಸಿರಾಡುತ್ತ ವರ್ಷಗಟ್ಟಲೆ ಬದುಕಬೇಕು. ಹಾಗೆ ಬದುಕಿದ ಊರು ಇನ್ನೊಂದು ಕವಾಟವನ್ನು ಮುಚ್ಚಲು ಎಷ್ಟು ದಿನ ಬೇಕು?

“ನೀನು ಕೂತ್ರೆ ಇವರು ನನ್ನನ್ನ ಕರ್ಕೊಂಡು ಹೋಗ್ತಾರೆ” ಎಂದ ಮೀಟರಪ್ಪ. ಹೇಳದೆ ಸಹಿ ಹಾಕಿಸುವುದು ಇನ್ನು ಅವನಿಂದಾಗದು. “ಬಿಚ್ಚೋಕಲ್ಲ ನೀನು ಬಂದಿರೋದು. ಗೊತ್ತಿದ್ದು ಕೂರ್ಬೇಕು.”

ಷಡ್ಡಕ ಅತ್ತಿಗೆಯ ಕಡೆ ನೋಡಲಾರದೆ ನೆಲ ನೋಡಿದ.

ಮೀಟರಪ್ಪ ಎದ್ದ. ಪಕ್ಕಕ್ಕೆ ಸರಿದು, ಬೀಗದ ಕೈಗೊಂಚಲನ್ನು ಮುಂದಿಟ್ಟ.

“ಕೆಳಸಾಲಿನ ಮುಳ್ಳು ಅಂಟ್ಕೊಳ್ಳುತ್ತೆ. ಗಾಳಿ ಇಳಿದಿದ್ರೂ ಇದ್ದ ಹಾಗೇ ತೋರಿಸುತ್ತೆ. ಬರೆಯೋಕೆ ಮುಂಚೆ ಪ್ರತಿ ಸಲ ಬೆರಳಲ್ಲಿ ತಟ್ಟು. ಒಂದು ಸಲವೂ ಮರೀಬೇಡ.”

ಷಡ್ಡಕ ಕುರ್ಚಿಯಲ್ಲಿ ಕೂತು, ಕೈ ಚಾಚಿ, ಕೆಳಸಾಲಿನ ಮೀಟರಿನ ಗಾಜನ್ನು ತಟ್ಟಿದ. ಪೇದೆ ಗೋಡೆ ಹಿಡಿದು ಎದ್ದು ನಿಂತಳು.